ಬಿಸಿಲಲ್ಲಿ ಸೈಟ್ ಕೆಲಸ: ನೀರು ಕುಡಿಸೋದ್ರಿಂದ ಹಿಡಿದು ಕುಸಿದು ಬಿದ್ದವರನ್ನ ಉಳಿಸೋವರೆಗೆ ಪೂರ್ತಿ ಗೈಡ್

ನಾನು ಸೈಟ್ ಇಂಜಿನಿಯರ್ ಆಗಿ ಹದಿನಾಲ್ಕು ವರ್ಷ ಆಯ್ತು, ಅದ್ರಲ್ಲಿ ಮೂರು ಬೇಸಿಗೆ ರಾಯಚೂರು ಕಡೆ ಕಳ್ದಿದೀನಿ. ಅಲ್ಲಿ ಒಂದು ಮೇ ತಿಂಗಳ ಮಧ್ಯಾಹ್ನ, ಎರಡೂವರೆ ಆಗಿರ್ಬೇಕು, ಕಂಬಿ ಕಟ್ಟೋ ಗ್ಯಾಂಗ್‌ನಲ್ಲಿದ್ದ ಒಬ್ಬ ಹುಡುಗ ಕೈಲಿದ್ದ ಹುಕ್ಕು ಕೆಳಗೆ ಹಾಕಿ ಸುಮ್ನೆ ಎದ್ದು ಸ್ಲ್ಯಾಬ್ ಅಂಚಿನ ಕಡೆ ನಡ್ಕೊಂಡು ಹೊರಟ. ಯಾರೋ ಕೂಗಿದ್ರು, ತಿರುಗಿ ನೋಡ್ಲಿಲ್ಲ. ಓಡಿ ಹೋಗಿ ಹಿಡಿದು ಕೂರಿಸಿದ್ರೆ ಏನೇನೋ ಬಡಬಡಿಸ್ತಿದ್ದ, ಅವ್ವನ್ನ ಕರೀತಿದ್ದ, ಮೇಸ್ತ್ರಿಗೆ ಬೈತಿದ್ದ. ಮೇಸ್ತ್ರಿ ಹೇಳಿದ್ದು ಒಂದೇ ಮಾತು, "ಕುಡದಾನ್ರಿ ಸರ ಅವ, ನೆರಳಾಗ ಮಲಗಸ್ರಿ, ನಿದ್ದಿ ಮಾಡಿ ಏಳ್ತಾನ." ನಾನೂ ನಂಬಿದೆ. ಲೇಬರ್ ಶೆಡ್‌ನಲ್ಲಿ ತಗಡಿನ ಕೆಳಗೆ ಮಲಗಿಸಿ ನಮ್ಮ ನಮ್ಮ ಕೆಲ್ಸಕ್ಕೆ ಹೋದ್ವಿ. ಮುಕ್ಕಾಲು ಗಂಟೆ ಬಿಟ್ಟು ಹೋಗಿ ನೋಡಿದಾಗ ಫಿಟ್ಸ್ ಬರ್ತಿತ್ತು, ಮೈ ಮುಟ್ಟಿದ್ರೆ ಒಲೆ ಮೇಲಿನ ಹಂಚು ಮುಟ್ಟಿದ ಹಾಗಿತ್ತು.

ಅವನು ಒಂದು ತೊಟ್ಟೂ ಕುಡಿದಿರ್ಲಿಲ್ಲ. ಅದು ಅವನು ಕೆಲ್ಸಕ್ಕೆ ಬಂದ ಮೂರನೇ ದಿನ. ಜೀವ ಉಳೀತು, ಆದ್ರೆ ಕಿಡ್ನಿ ಕೈಕೊಟ್ಟು ಕೆಲವು ವಾರ ಡಯಾಲಿಸಿಸ್ ಮಾಡಿಸ್ಬೇಕಾಯ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಯಾವುದಕ್ಕೆ ಅಂದ್ರೆ, ನಾವು ಅವನನ್ನ ಮಲಗಿಸಿದ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ ಕ್ಯೂರಿಂಗ್‌ಗೆ, ಅಂದ್ರೆ ಹೊಸ ಕಾಂಕ್ರೀಟ್ ನೆನೆಸೋಕೆ ಅಂತ ತುಂಬಿಸಿದ್ದ ತೊಟ್ಟಿ ತುಂಬಾ ನೀರಿತ್ತು. ಆ ನೀರು ಸುರಿದಿದ್ರೆ ಸಾಕಾಗಿತ್ತು.

ಆಮೇಲೆ ನಾನು ಡಾಕ್ಟರ್‌ಗಳನ್ನ ಕೇಳಿ, ಓದಿ, ಸೈಟ್‌ನಲ್ಲಿ ಮಾಡಿ ನೋಡಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ. ಸಣ್ಣ ಕಂಟ್ರಾಕ್ಟರ್, ಮೇಸ್ತ್ರಿ, ಸೂಪರ್‌ವೈಸರ್, ಮನೆ ಕಟ್ಟಿಸ್ತಿರೋ ಓನರ್, ಯಾರೇ ಆಗ್ಲಿ ಓದಿ. ದೊಡ್ಡ ಕಂಪನಿ ಸೈಟ್‌ಗಳಲ್ಲಿ ಸೇಫ್ಟಿ ಆಫೀಸರ್ ಇರ್ತಾರೆ, ನಮ್ಮ ಮೂವತ್ತು-ನಲವತ್ತು ಅಡಿಯ ಸಣ್ಣ ಸೈಟ್‌ಗಳಲ್ಲಿ ಯಾರೂ ಇರಲ್ಲ, ನಾವೇ ಇರೋದು.

ಮೊದ್ಲು ಮೈಯೊಳಗೆ ಏನಾಗತ್ತೆ ಅಂತ ತಿಳ್ಕೊಳ್ಳಿ

ಬಿಸಿಲು ಹೊರಗಿಂದ ಮಾತ್ರ ಸುಡಲ್ಲ. ಬಾಂಡ್ಲಿ ಹೊತ್ತು ಮೂರು ಮಹಡಿ ಹತ್ತೋನ ಮಾಂಸಖಂಡಗಳೇ ಒಳಗಿಂದ ಶಾಖ ಹುಟ್ಟಿಸ್ತಾವೆ, ಅದನ್ನ ಹೊರಗೆ ಹಾಕೋಕೆ ದೇಹಕ್ಕಿರೋ ದೊಡ್ಡ ದಾರಿ ಬೆವರು, ಬೆವರು ಆರಿದ್ರೆ ಮೈ ತಣ್ಣಗಾಗತ್ತೆ. ಬೆವರಿಗೆ ನೀರು ಬೇಕು, ಉಪ್ಪು ಬೇಕು. ನೀರು ಖಾಲಿ ಆದ್ರೆ ರಕ್ತದ ಪ್ರಮಾಣ ಕಮ್ಮಿ ಆಗತ್ತೆ, ಹೃದಯ ಜಾಸ್ತಿ ಬಡ್ಕೊಳ್ಳತ್ತೆ, ತಲೆ ತಿರುಗತ್ತೆ, ಆಮೇಲೆ ಮೈ ಶಾಖ 40 ಡಿಗ್ರಿ ದಾಟಿದ್ರೆ ಮೆದುಳು, ಕಿಡ್ನಿ, ಲಿವರ್ ಎಲ್ಲಾ ಪೆಟ್ಟು ತಿನ್ನೋಕೆ ಶುರು.

ಅದಕ್ಕೇ ಮೊಬೈಲ್‌ನಲ್ಲಿ ತೋರ್ಸೋ ಡಿಗ್ರಿ ಒಂದನ್ನೇ ನೋಡ್ಕೊಂಡು ಕೂರ್ಬೇಡಿ. ಮಂಗಳೂರಲ್ಲಿ 35 ಇದ್ರೂ ಗಾಳೀಲಿ ತೇವ ಜಾಸ್ತಿ ಇರೋದ್ರಿಂದ ಬೆವರು ಆರಲ್ಲ, ಸುಮ್ನೆ ಸುರಿಯತ್ತೆ, ನೀರೂ ಹೋಯ್ತು ಮೈಯೂ ತಣ್ಣಗಾಗ್ಲಿಲ್ಲ. ರಾಯಚೂರು, ಕಲಬುರಗಿ ಕಡೆ ಉಲ್ಟಾ, ಬೆವರು ಬಂದಿದ್ದೇ ಗೊತ್ತಾಗದ ಹಾಗೆ ಆರಿ ಹೋಗತ್ತೆ, ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯತ್ತೆ, ಹಾಗಾಗಿ ಎಷ್ಟು ನೀರು ಹೋಯ್ತು ಅಂತ ಅವರಿಗೇ ಗೊತ್ತಿರಲ್ಲ. ಬೆಂಗಳೂರೋರು ನಮ್ಮೂರು ತಣ್ಣಗಿದೆ ಅನ್ಕೊಂಡಿರ್ತಾರೆ, 2016ರ ಏಪ್ರಿಲ್‌ನಲ್ಲಿ ಇಲ್ಲೂ 39.2 ಡಿಗ್ರಿ ಮುಟ್ಟಿತ್ತು. ಮೇಲಿಂದ ಸ್ಲ್ಯಾಬ್ ಮೇಲೆ ನೆರಳಿಲ್ಲ, ಕೆಳಗೆ ಸೆಂಟ್ರಿಂಗ್ ಶೀಟ್ (ಕಾಂಕ್ರೀಟ್ ಹಾಕೋಕೆ ಆಧಾರಕ್ಕೆ ಕೊಡೋ ತಗಡು) ಕಾದಿರತ್ತೆ, ಕಂಬಿ ಬರಿಗೈಲಿ ಮುಟ್ಟೋಕಾಗಲ್ಲ. ಹವಾಮಾನ ಇಲಾಖೆ ಹೇಳೋದು ನೆರಳಲ್ಲಿ ಅಳೆದ ಲೆಕ್ಕ, ನಮ್ಮ ಹುಡುಗರು ನಿಂತಿರೋ ಜಾಗದ್ದಲ್ಲ.

ಹಂತ 1: ಕೆಲಸದ ಟೈಮ್ ಬದಲಾಯಿಸಿ

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ಬಂದ್ರೆ ಸರ್ಕಾರಿ ಆಫೀಸ್ ಟೈಮನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಯಿಸ್ತಾರೆ. ಫ್ಯಾನ್ ಕೆಳಗೆ ಕೂತು ಫೈಲ್ ನೋಡೋರಿಗೇ ಬಿಸಿಲಿನ ಟೈಮಲ್ಲಿ ಕೆಲಸ ಬೇಡ ಅಂದ್ರೆ ಸ್ಲ್ಯಾಬ್ ಮೇಲೆ ನಿಂತೋರಿಗೆ ಯಾಕೆ ಬೇಕು?

ಮಾರ್ಚ್ ಮಧ್ಯದಿಂದ ಮೇ ಕೊನೇವರೆಗೂ ನಾನು ಮಾಡೋದು ಹೀಗೆ: ಬೆಳಗ್ಗೆ 6ಕ್ಕೆ ಶುರು, 11:30ಕ್ಕೆ ಬಿಸಿಲಿನ ಕೆಲಸ ಬಂದ್, ಊಟ, ರೆಸ್ಟ್, 3:30ರಿಂದ 6:30ರವರೆಗೆ ಉಳಿದಿದ್ದು. ನಡುವೆ ಏನಾದ್ರೂ ಮಾಡ್ಲೇಬೇಕು ಅಂದ್ರೆ ಒಳಗಡೆ ಟೈಲ್ಸ್, ವೈರಿಂಗ್ ತರದ್ದು. ಒಳಗಡೆ ಅಂದ್ರೆ ಗಾಳಿ ಓಡಾಡೋ ಜಾಗ, ಕಿಟಕಿ ಮುಚ್ಚಿರೋ ರೂಮಲ್ಲಿ ಗಾರೆ ಕೆಲಸ ಮಾಡೋನು ಬಿಸಿಲಲ್ಲಿ ಇಲ್ಲದಿದ್ರೂ ಬೆಂದು ಹೋಗ್ತಾನೆ.

ಕಂಟ್ರಾಕ್ಟರ್ ಒಪ್ಪಲ್ಲ, ಲೇಟಾಗತ್ತೆ ಅಂತಾರೆ. ಅವರಿಗೆ ಕಾಂಕ್ರೀಟ್ ಲೆಕ್ಕ ಹೇಳಿ. ಸುಡು ಬಿಸಿಲಲ್ಲಿ ಹಾಕಿದ ಸ್ಲ್ಯಾಬ್ ಮೇಲಿನ ನೀರು ಬೇಗ ಆರಿ ಅದೇ ದಿನ ಕೂದಲೆಳೆ ಬಿರುಕು ಬಿಡತ್ತೆ, ಮಿಕ್ಸ್ ಬೇಗ ಗಟ್ಟಿ ಆಗತ್ತೆ, ಗಟ್ಟಿ ಆಯ್ತು ಅಂತ ಹುಡುಗ್ರು ಪೈಪ್ ಹಿಡ್ದು ನೀರು ಬಿಡ್ತಾರೆ, ಸ್ಟ್ರೆಂತ್ ಹೋಯ್ತು. ಬೆಳಗಿನ ಜಾವ ನಾಲ್ಕಕ್ಕೆ ಮಿಲ್ಲರ್ (ಕಾಂಕ್ರೀಟ್ ಕಲಸೋ ಮಷಿನ್) ಸ್ಟಾರ್ಟ್ ಮಾಡಿ ಹತ್ತಕ್ಕೆ ಮುಗಿಸಿದ್ರೆ ಕಾಂಕ್ರೀಟೂ ಚೆನ್ನಾಗಿರತ್ತೆ, ಜನಾನೂ ಚೆನ್ನಾಗಿರ್ತಾರೆ. ಈ ಮಾತು ಹೇಳಿದಾಗ ನನ್ನ ಕಂಟ್ರಾಕ್ಟರ್ ಒಪ್ಪಿದ್ರು, ಜನರ ಬಗ್ಗೆ ಹೇಳಿದಾಗ ಒಪ್ಪಿರ್ಲಿಲ್ಲ. ನನಗೆ ಅದು ಬೇಜಾರಿನ ವಿಷಯಾನೇ, ಆದ್ರೆ ಯಾವ ಮಾತಿಗೆ ಕೆಲ್ಸ ಆಗತ್ತೋ ಆ ಮಾತು ಹೇಳ್ಬೇಕು.

ಹಂತ 2: ಹೊಸಬರ ಮೇಲೆ ಒಂದು ಕಣ್ಣಿರ್ಲಿ

ಬಿಸಿಲಿಗೆ ಬೀಳೋರಲ್ಲಿ ಜಾಸ್ತಿ ಜನ ಮೊದಲ ಕೆಲವು ದಿನದೋರು. ದೇಹ ಶಾಖಕ್ಕೆ ಹೊಂದ್ಕೊಳ್ಳೋಕೆ ಒಂದರಿಂದ ಎರಡು ವಾರ ಬೇಕು, ಆಗ ಬೆವರು ಬೇಗ ಬರೋಕೆ ಶುರು ಆಗತ್ತೆ, ಬೆವರಲ್ಲಿ ಉಪ್ಪು ಕಮ್ಮಿ ಹೋಗತ್ತೆ. ಊರಿಂದ ರೈಲಲ್ಲಿ ಎರಡು ದಿನ ಕೂತು ನಿದ್ದೆ ಇಲ್ಲದೆ ಬಂದ ಬಿಹಾರದ ಹುಡುಗ ಆಗ್ಲಿ, ಕಾಲೇಜು ರಜೆಯಲ್ಲಿ ಫೀಸ್‌ಗೋಸ್ಕರ ಬಂದ ನಮ್ಮ ಯಾದಗಿರಿ ಹುಡುಗ ಆಗ್ಲಿ, ಮೊದಲನೇ ದಿನಾನೇ ಎಲ್ಲರ ಸಮ ದುಡಿದು ತೋರಿಸ್ಬೇಕು ಅಂತ ಹಠಕ್ಕೆ ಬೀಳ್ತಾನೆ. ಅಲ್ಲೇ ಅಪಾಯ ಇರೋದು.

ಅಮೆರಿಕದ ನಿಯೋಷ್ ಅನ್ನೋ ಕೆಲಸಗಾರರ ಸುರಕ್ಷತೆ ಸಂಸ್ಥೆ ಹೇಳೋ ಲೆಕ್ಕ ಸುಲಭ ಇದೆ, ನಾನು ಅದನ್ನೇ ಹಿಡ್ಕೊಂಡಿದೀನಿ. ಪೂರ್ತಿ ಹೊಸಬರಿಗೆ ಮೊದಲ ದಿನ ಬಿಸಿಲಲ್ಲಿ ದಿನದ ಐದನೇ ಒಂದು ಭಾಗ ಮಾತ್ರ, ಆಮೇಲೆ ದಿನಕ್ಕೆ ಇನ್ನೊಂದೊಂದು ಭಾಗ ಸೇರಿಸ್ತಾ ಹೋಗೋದು, ಐದನೇ ದಿನಕ್ಕೆ ಪೂರ್ತಿ ಕೆಲಸ. ಮುಂಚೆ ಬಿಸಿಲಲ್ಲಿ ದುಡಿದು ಅಭ್ಯಾಸ ಇದ್ದು ಹಬ್ಬಕ್ಕೋ ಜ್ವರಕ್ಕೋ ಊರಿಗೆ ಹೋಗಿ ವಾಪಸ್ ಬಂದೋರಿಗೆ ಮೊದಲ ದಿನ ಅರ್ಧ, ಎರಡನೇ ದಿನ ನೂರಕ್ಕೆ 60, ಮೂರನೇ ದಿನ 80, ನಾಲ್ಕನೇ ದಿನ ಪೂರ್ತಿ. ಉಳಿದ ಟೈಮಲ್ಲಿ ನೆರಳಿನ ಕೆಲಸ ಕೊಡಿ, ಕಂಬಿ ಎಣಿಸೋದು, ಕಂಬಿ ಕೆಳಗೆ ಇಡೋ ಕವರ್ ಬ್ಲಾಕ್ ಮಾಡೋದು, ಸ್ಟೋರ್ ಜೋಡಿಸೋದು. ಕೂಲಿ ಮಾತ್ರ ಪೂರ್ತಿ ಕೊಡ್ಬೇಕು, ಅರ್ಧ ಕೂಲಿ ಅಂದ್ರೆ ಯಾರೂ ನೆರಳಿಗೆ ಬರಲ್ಲ, ಹೊಟ್ಟೆಪಾಡು.

ಹೊಸಬರ ಹೆಲ್ಮೆಟ್‌ಗೆ ಒಂದು ಕೆಂಪು ಟೇಪ್ ಸುತ್ತಿ, ದೂರದಿಂದಲೇ ಗೊತ್ತಾಗತ್ತೆ. ಇನ್ನು ಬಿಪಿಗೆ ಮೂತ್ರ ಜಾಸ್ತಿ ಹೋಗೋ ಮಾತ್ರೆ ತಗೊಳ್ಳೋರು, ಶುಗರ್ ಇರೋರು, ಹಿಂದಿನ ದಿನ ಭೇದಿ ವಾಂತಿ ಆಗಿರೋರು, ಜ್ವರದಲ್ಲೇ ಕೆಲ್ಸಕ್ಕೆ ಬಂದಿರೋರು, ರಾತ್ರಿ ಕುಡಿದಿರೋರು, ಇವರನ್ನೂ ಆ ಲೆಕ್ಕಕ್ಕೇ ಸೇರಿಸಿ. ಬೆಳಗ್ಗೆ ಹಾಜರಿ ಹಾಕುವಾಗ ಒಂದು ಮಾತು ಕೇಳಿದ್ರೆ ಹೇಳ್ತಾರೆ, ಹೇಳಿದ್ರೆ ಕೂಲಿ ಕಟ್ ಆಗಲ್ಲ ಅಂತ ನಂಬಿಕೆ ಇದ್ರೆ ಮಾತ್ರ.

ಹಂತ 3: ನೀರಿನ ಲೆಕ್ಕ

ಬಾಯಾರಿಕೆ ಆದ್ಮೇಲೆ ಕುಡಿಯೋದು ಅಂದ್ರೆ ಆಗ್ಲೇ ಲೇಟು. ಬಿಸಿಲಲ್ಲಿ ಮೈಮುರಿದು ದುಡಿಯೋರು 15-20 ನಿಮಿಷಕ್ಕೊಂದು ಸಲ ಒಂದು ದೊಡ್ಡ ಲೋಟ, ಸುಮಾರು 240 ಮಿಲಿ ಕುಡೀಬೇಕು, ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಆಯ್ತು. ಒಟ್ಟಿಗೆ ಒಂದು ಲೀಟರ್ ಗಟಗಟ ಕುಡಿಯೋದಲ್ಲ, ಸ್ವಲ್ಪ ಸ್ವಲ್ಪ ಪದೇ ಪದೇ. ಗಂಟೆಗೆ ಒಂದೂವರೆ ಲೀಟರ್ ಹತ್ರ ಹೋಗ್ಲೇಬಾರ್ದು, ಬರೀ ನೀರು ಅತಿಯಾದ್ರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದ್ರಿಂದಲೂ ತಲೆನೋವು, ವಾಂತಿ, ಫಿಟ್ಸ್ ಬರತ್ತೆ.

ಈಗ ನಿಮ್ಮ ಸೈಟ್ ಲೆಕ್ಕ ಹಾಕಿ. 20 ಜನ, ಬಿಸಿಲಿನ ಕೆಲಸ ಆರು ಗಂಟೆ ಅಂದ್ಕೊಳ್ಳಿ, ತಲೆಗೆ 6 ಲೀಟರ್, ಒಟ್ಟು 120 ಲೀಟರ್. 20 ಲೀಟರ್ ಕ್ಯಾನ್ ಆರು ಬೇಕು. ನಾನು ನೋಡಿರೋ ಎಷ್ಟೋ ಸೈಟ್‌ಗಳಲ್ಲಿ ಎರಡು ಕ್ಯಾನ್ ಬರತ್ತೆ, ಅದ್ರಲ್ಲಿ ಒಂದು ಆಫೀಸ್ ರೂಮ್‌ಗೆ ಹೋಗತ್ತೆ. ಉಳಿದಿದ್ದು ಮುಗಿದ್ಮೇಲೆ ಅವರು ಕ್ಯೂರಿಂಗ್ ಡ್ರಮ್ಮಿನ ನೀರು ಕುಡೀತಾರೆ, ಟ್ಯಾಂಕರ್ ನೀರು, ಅದ್ರಿಂದ ಭೇದಿ, ಭೇದಿಯಿಂದ ಇನ್ನಷ್ಟು ನೀರು ಕಳ್ಕೊಳ್ಳೋದು. 2024ರಲ್ಲಿ ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಒಣಗಿ ನೀರಿಗೆ ಹಾಹಾಕಾರ ಆದಾಗ ಇದನ್ನ ಕಣ್ಣಾರೆ ನೋಡಿದ್ದೀನಿ.

ನೀರು ಎಲ್ಲಿಡ್ತೀರ ಅನ್ನೋದು ಎಷ್ಟು ತರ್ತೀರ ಅನ್ನೋದಕ್ಕಿಂತ ಮುಖ್ಯ. ನಾಲ್ಕನೇ ಮಹಡಿಯಲ್ಲಿ ಕೆಲಸ ಮಾಡೋನು ಒಂದು ಲೋಟ ನೀರಿಗೆ ಗ್ರೌಂಡ್ ಫ್ಲೋರ್‌ಗೆ ಇಳಿದು ಹತ್ತಲ್ಲ, ಮೇಸ್ತ್ರಿ ನೋಡ್ತಿರ್ತಾನೆ. ಕೆಲಸ ನಡೆಯೋ ಫ್ಲೋರ್‌ನಲ್ಲೇ ಇಡಿ. ಮಣ್ಣಿನ ಗಡಿಗೆ ಅಥವಾ ಒದ್ದೆ ಗೋಣಿಚೀಲ ಸುತ್ತಿದ ಕ್ಯಾನ್, ಮುಚ್ಚಳ, ನಲ್ಲಿ, ಮೇಲೆ ನೆರಳು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರ್ದಿದ್ರು, ಕುಡಿಯೋ ನೀರಿನ ಜಾಗಕ್ಕೆ ಜನಕ್ಕೆ ಅರ್ಥ ಆಗೋ ಭಾಷೇಲಿ ಬೋರ್ಡ್ ಹಾಕ್ಬೇಕು, ಶೌಚಾಲಯದಿಂದ ಆರು ಮೀಟರ್ ಆದ್ರೂ ದೂರ ಇರ್ಬೇಕು ಅಂತ. ಅರ್ಧ ಗಂಟೆಗೊಂದು ಸಲ ಶಿಳ್ಳೆ ಹೊಡೆಸಿ, ಶಿಳ್ಳೆ ಹೊಡೆದ್ರೆ ಎಲ್ಲಾರೂ ಕುಡೀಬೇಕು, ಮೇಸ್ತ್ರಿ ಮೊದ್ಲು ಕುಡೀಬೇಕು. ಮೇಸ್ತ್ರಿ ಕುಡಿದ್ರೆ ಉಳಿದವ್ರು ಸಂಕೋಚ ಬಿಡ್ತಾರೆ. ನಡುವಿನದ್ದು ಅವರವರ ಬಾಟಲಿಯಿಂದ.

ಹೆಣ್ಣುಮಕ್ಕಳ ವಿಷಯ, ದಯವಿಟ್ಟು ಇದನ್ನ ಹಾರಿಸ್ಬೇಡಿ

ಒಂದ್ಸಲ ನಮ್ಮ ಸೈಟ್‌ನಲ್ಲಿ ಇಟ್ಟಿಗೆ ಹೊರೋ ಒಬ್ಬ ಅಕ್ಕನಿಗೆ ಮೂರು ದಿನಕ್ಕೆ ಎರಡನೇ ಸಲ ತಲೆ ಸುತ್ತು ಬಂತು. ನೀರು ಕುಡಿಯಕ್ಕಾ ಅಂದೆ, ತಲೆ ತಗ್ಗಿಸಿದ್ರು. ಪಕ್ಕದಲ್ಲಿದ್ದ ಹೆಂಗಸು ಹೇಳಿದ್ರು, "ಕುಡದ್ರ ಎಲ್ಲಿಗಿ ಹೋಗೂದ್ರಿ ಸರ?" ಅಷ್ಟೇ ಮಾತು. ಸೈಟ್‌ನಲ್ಲಿ ಟಾಯ್ಲೆಟ್ ಅಂತ ಇದ್ದಿದ್ದು ಬಾಗಿಲಿಲ್ಲದ ಒಂದು ತಗಡಿನ ಮರೆ. ಬೆಳಗ್ಗೆ ಕತ್ತಲಲ್ಲಿ ಹೋದ್ರೆ ಮತ್ತೆ ಸಂಜೆ ಕತ್ತಲಾದ್ಮೇಲೆ, ಅಲ್ಲೀವರೆಗೂ ನೀರು ಮುಟ್ಟಲ್ಲ. ಅದ್ರಿಂದ ಮೂತ್ರದ ಸೋಂಕು, ಉರಿ, ಜ್ವರ, ಕಿಡ್ನಿ ಕಲ್ಲು.

ಹಾಗಾಗಿ ನೀರಿನ ಮೊದಲನೇ ಸ್ಟೆಪ್ಪೇ ಟಾಯ್ಲೆಟ್. ಒಳಗಿಂದ ಚಿಲಕ ಇರೋ ಬಾಗಿಲು, ಬಕೆಟ್ ನೀರು, ಹೆಂಗಸರಿಗೆ ಬೇರೆ, ಗಂಡಸರು ಕೂತು ಬೀಡಿ ಸೇದೋ ಜಾಗದಿಂದ ದೂರ. ಸೆಂಟ್ರಿಂಗ್ ಪ್ಲೈವುಡ್ ತುಂಡಲ್ಲೇ ಬಾಗಿಲಾಗತ್ತೆ, ಬಡಗಿಗೆ ಅರ್ಧ ದಿನದ ಕೆಲಸ. ಅದಾದ ಮಾರನೇ ವಾರದಿಂದ ನಮ್ಮ ಸೈಟ್‌ನಲ್ಲಿ ಕ್ಯಾನ್ ಬೇಗ ಖಾಲಿ ಆಗೋಕೆ ಶುರು ಆಯ್ತು.

ಮೂತ್ರದ ಬಣ್ಣ ಎಲ್ಲರಿಗೂ ಹೇಳ್ಕೊಡಿ. ತಿಳಿ ನಿಂಬೆ ಶರಬತ್ತಿನ ಬಣ್ಣ ಇದ್ರೆ ಸರಿ ಇದೆ, ಗಾಢ ಹಳದಿ ಇದ್ರೆ ನೀರು ಸಾಲ್ತಿಲ್ಲ, ಡಿಕಾಕ್ಷನ್ ತರ ಕಂದು ಬಣ್ಣ ಬಂದು ಮೈಕೈ ಮಾಂಸಖಂಡ ವಿಪರೀತ ನೋಯ್ತಿದ್ರೆ ಮಾಂಸಖಂಡ ಒಡೆದು ಅದ್ರ ಅಂಶ ಕಿಡ್ನಿಗೆ ಹೋಗ್ತಿರಬಹುದು, ಅವತ್ತೇ ಆಸ್ಪತ್ರೆ.

ಹಂತ 4: ಉಪ್ಪು, ಓಆರ್‌ಎಸ್, ಮಜ್ಜಿಗೆ

ಹೊತ್ತು ಹೊತ್ತಿಗೆ ಊಟ ಮಾಡೋರಿಗೆ ಬರೀ ನೀರು ಸಾಕು, ಉಪ್ಪು ಊಟದಲ್ಲೇ ಸಿಗತ್ತೆ. ಖಾಲಿ ಹೊಟ್ಟೆಯಲ್ಲಿ ಒಂದು ಟೀ, ಒಂದು ಬನ್, ಒಂದು ಗುಟ್ಕಾ ಅಂತ ಹನ್ನೊಂದರವರೆಗೂ ಎಳೆಯೋರಿಗೆ ಸಾಕಾಗಲ್ಲ. ಅಂಬಲಿ ನಮ್ಮವರದ್ದೇ ಔಷಧಿ, ರಾಗಿ ಅಂಬಲಿಗೆ ಮಜ್ಜಿಗೆ ಉಪ್ಪು ಈರುಳ್ಳಿ ಹಾಕಿ ಬೆಳಗ್ಗೆ ಎಂಟಕ್ಕೆ ಒಂದೊಂದು ಚೊಂಬು ಕೊಟ್ರೆ ನೀರು, ಉಪ್ಪು, ಹೊಟ್ಟೆಗೆ ಆಧಾರ ಮೂರೂ ಆಯ್ತು. ಉತ್ತರ ಕರ್ನಾಟಕದ ಗ್ಯಾಂಗ್ ಇದ್ರೆ ಜೋಳದ ನುಚ್ಚಿಗೆ ಮಜ್ಜಿಗೆ ಹಾಕ್ಕೊಂಡು ಅವರೇ ತರ್ತಾರೆ, ನೀವು ಮಜ್ಜಿಗೆ ಕೊಡ್ಸಿ ಸಾಕು.

ಜಾಸ್ತಿ ಬೆವರೋರಿಗೆ, ಸೆಳೆತ ಬಂದೋರಿಗೆ ಓಆರ್‌ಎಸ್. ಇಲ್ಲಿ ಎರಡು ತಪ್ಪು ದಿನಾ ನೋಡ್ತೀನಿ. ಒಂದು, ದೊಡ್ಡ ಪ್ಯಾಕೆಟ್ ಸುಮಾರು 21 ಗ್ರಾಂ ಇರತ್ತೆ, ಅದು ಪೂರ್ತಿ ಒಂದು ಲೀಟರ್‌ಗೆ, ಅದನ್ನ ಒಂದು ಲೋಟಕ್ಕೆ ಹಾಕಿ ಕುಡಿಸ್ತಾರೆ, ಅದು ಉಪ್ಪುಪ್ಪಾಗಿ ವಾಂತಿ ಬರಿಸತ್ತೆ, ನೀರನ್ನ ಇನ್ನೂ ಎಳ್ಕೊಳ್ಳತ್ತೆ. 200 ಮಿಲಿಗೆ ಅಂತಲೇ ನಾಲ್ಕು ಗ್ರಾಂ ಚಿಲ್ಲರೆ ಇರೋ ಚಿಕ್ಕ ಪ್ಯಾಕೆಟ್ ಸಿಗತ್ತೆ, ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಓದಿ. ಎರಡು, ಮೆಡಿಕಲ್ ಶಾಪಲ್ಲಿ ಓಆರ್‌ಎಸ್ ಅಂತ ಬರ್ಕೊಂಡು ಸಿಹಿ ಜ್ಯೂಸ್ ಡಬ್ಬಿ ಮಾರ್ತಿದ್ರು, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಆ ತರದ ಜ್ಯೂಸ್‌ಗೆ ಓಆರ್‌ಎಸ್ ಅನ್ನೋ ಹೆಸರು ಹಾಕಬಾರ್ದು ಅಂತ ಆದೇಶ ಮಾಡ್ತು. ಪುಡಿ ಪ್ಯಾಕೆಟ್ ತಗೊಳ್ಳಿ, ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರ್ದಿರತ್ತೆ.

ಪ್ಯಾಕೆಟ್ ಇಲ್ವಾ, ಒಂದು ಲೀಟರ್ ಒಳ್ಳೆ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರ್ಲಿ, ಗೋಪುರ ಮಾಡ್ಬೇಡಿ. ಕಲಸಿದ್ದನ್ನ 24 ಗಂಟೆಯೊಳಗೆ ಮುಗಿಸಿ, ಉಳಿದ್ರೆ ಚೆಲ್ಲಿ. ಎನರ್ಜಿ ಡ್ರಿಂಕ್ ಬೇಡ. ಟೀ ಒಂದೆರಡು ಸಲ ಆದ್ರೆ ಪರವಾಗಿಲ್ಲ, ನೀರಿನ ಬದಲಿಗೆ ಟೀ ಅಂತ ಆಗ್ಬಾರ್ದು.

ಶೆಡ್ಡಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ತಗಡಿನ ಲೇಬರ್ ಶೆಡ್ ರಾತ್ರಿ ಹತ್ತಾದ್ರೂ ಕಾದಿರತ್ತೆ, ನಿದ್ದೆ ಬರಲ್ಲ, ಹಗಲಿನ ಶಾಖ ಇಳಿಯೋಕೆ ದೇಹಕ್ಕೆ ಟೈಮೇ ಸಿಗಲ್ಲ, ಮಾರನೇ ದಿನ ಅರ್ಧ ಸೋತೇ ಕೆಲ್ಸಕ್ಕೆ ಬರ್ತಾರೆ. ತಗಡಿಗೆ ಬಿಳಿ ಸುಣ್ಣ ಬಳ್ಸಿ, ಮೇಲೆ ಗೋಣಿಚೀಲ ಹಾಸಿ ಸಂಜೆ ನೀರು ಹೊಡ್ಸಿ, ಎದುರು ಬದುರು ಕಿಟಕಿ ಬಿಡ್ಸಿ. ಖರ್ಚು ಏನೂ ಇಲ್ಲ.

ಹಂತ 5: ಗುರುತು ಹಿಡಿಯೋದು

ಸೆಳೆತ: ಕಾಲು, ಹೊಟ್ಟೆ, ಕೈ ಹಿಡ್ಕೊಂಡ ಹಾಗೆ ನೋವು. ಕೆಲಸ ನಿಲ್ಸಿ, ನೆರಳು, ಓಆರ್‌ಎಸ್, ನಿಧಾನಕ್ಕೆ ನೀವೋದು. ನೋವು ಹೋಯ್ತು ಅಂತ ತಕ್ಷಣ ವಾಪಸ್ ಕಳಿಸ್ಬೇಡಿ, ಕೆಲವು ಗಂಟೆ ಬಿಡಿ. ಒಂದು ಗಂಟೆ ಆದ್ರೂ ಹೋಗ್ಲಿಲ್ಲ ಅಂದ್ರೆ, ಅಥವಾ ಹಾರ್ಟ್ ತೊಂದರೆ ಇರೋರಾದ್ರೆ ಡಾಕ್ಟರ್ ಹತ್ರ.

ಬಳಲಿಕೆ: ತಲೆನೋವು, ವಾಕರಿಕೆ, ತಲೆಸುತ್ತು, ಮೈ ತಣ್ಣಗೆ ಅಂಟಂಟು, ನಾಡಿ ಜೋರು, ಸಿಡಿಮಿಡಿ. ಆದ್ರೆ ಮಾತು ಸರಿಯಾಗಿದೆ, ಕೇಳಿದ್ದಕ್ಕೆ ಉತ್ತರ ಕೊಡ್ತಿದಾರೆ. ನೆರಳಿಗೆ ಕರ್ಕೊಂಡು ಹೋಗಿ ಶೂ, ಹೆಲ್ಮೆಟ್ ಬಿಚ್ಚಿ, ಮಲಗಿಸಿ ಕಾಲು ಸ್ವಲ್ಪ ಎತ್ತಿ, ಮೈಗೆ ನೀರು ಹಚ್ಚಿ ಗಾಳಿ ಬೀಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಒಬ್ಬರು ಪಕ್ಕದಲ್ಲೇ ಕೂತಿರ್ಬೇಕು. ಅರ್ಧ ಗಂಟೆಯಲ್ಲಿ ಚೇತರಿಸ್ಕೊಳ್ಳದಿದ್ರೆ ಅಥವಾ ವಾಂತಿ ನಿಲ್ಲದಿದ್ರೆ ಆಸ್ಪತ್ರೆ. ಚೇತರಿಸ್ಕೊಂಡ್ರೂ ಅವತ್ತಿಗೆ ಕೆಲಸ ಮುಗೀತು.

ಬಿಸಿಲಿನ ಹೊಡೆತ, ಅಂದ್ರೆ ಹೀಟ್ ಸ್ಟ್ರೋಕ್: ಇದಕ್ಕೆ ಒಂದೇ ಪರೀಕ್ಷೆ, ತಲೆ ಸರಿ ಇದೆಯಾ ಇಲ್ವಾ. ಹೆಸರೇನು, ಯಾವೂರು, ಇವತ್ತು ಯಾವ ವಾರ, ಮೇಸ್ತ್ರಿ ಹೆಸರೇನು, ಈ ನಾಲ್ಕು ಕೇಳಿ, ಅವರ ಭಾಷೇಲೇ ಕೇಳಿಸಿ, ಹಿಂದಿಯೋ ಒಡಿಯಾನೋ ತೆಲುಗೋ. ತಪ್ಪು ಹೇಳಿದ್ರೆ, ತೊದಲಿದ್ರೆ, ಸಿಟ್ಟಿಗೆದ್ದು ಕಿರುಚಿದ್ರೆ, ತೂರಾಡಿದ್ರೆ, ಫಿಟ್ಸ್ ಬಂದ್ರೆ, ಪ್ರಜ್ಞೆ ತಪ್ಪಿದ್ರೆ, ಮೈ ಸುಡ್ತಿದ್ರೆ ಅದು ಹೀಟ್ ಸ್ಟ್ರೋಕ್ ಅಂತಲೇ ತಿಳ್ಕೊಂಡು ಕೆಲಸ ಶುರು ಮಾಡಿ. ಕುಡಿದಿದಾನೋ ಇಲ್ವೋ ಅಂತ ಆಮೇಲೆ ನೋಡ್ಕೊಳ್ಳೋಣ. ಕುಡಿದೋನಿಗೂ ಹೀಟ್ ಸ್ಟ್ರೋಕ್ ಆಗತ್ತೆ, ಇನ್ನೂ ಬೇಗ ಆಗತ್ತೆ. ಕುಡಿದಿರೋನ ಮೇಲೆ ಸುಮ್ನೆ ನೀರು ಸುರಿದ್ರೆ ಬಟ್ಟೆ ಒದ್ದೆ ಆಗತ್ತೆ, ಹೀಟ್ ಸ್ಟ್ರೋಕ್ ಆದೋನನ್ನ ಕುಡುಕ ಅಂತ ಬಿಟ್ರೆ ಜೀವ ಹೋಗತ್ತೆ.

ಇಲ್ಲೊಂದು ತಪ್ಪು ನಂಬಿಕೆ ಇದೆ, ಬೆವರು ನಿಂತಿದ್ರೆ ಮಾತ್ರ ಹೀಟ್ ಸ್ಟ್ರೋಕ್ ಅಂತ. ಮನೆಯಲ್ಲಿ ಕೂತ ವಯಸ್ಸಾದವರಿಗೆ ಮೈ ಒಣಗಿರಬಹುದು, ದುಡಿಯೋ ಹುಡುಗರಿಗೆ ಬೆವರು ಸುರೀತಾ ಇರುವಾಗ್ಲೇ ಹೊಡೆಯತ್ತೆ. ಹಾಗೇ ಕೊರೊನಾ ಟೈಮಲ್ಲಿ ತಗೊಂಡ ಹಣೆಗೆ ಹಿಡಿಯೋ ಥರ್ಮಾಮೀಟರ್ ನಂಬ್ಬೇಡಿ, ಬೆವರಿದ ಹಣೆಯಲ್ಲಿ ಅದು ಕಮ್ಮಿ ತೋರಿಸತ್ತೆ.

ಹಂತ 6: ಬಿದ್ದ ಮೇಲೆ, ನಿಮಿಷದ ಲೆಕ್ಕದಲ್ಲಿ

ಮೊದ್ಲು ತಣ್ಣಗೆ ಮಾಡಿ, ಆಮೇಲೆ ಸಾಗಿಸಿ. ಇದು ಹೇಳಿದ್ರೆ ಜನ ಜಗಳಕ್ಕೆ ಬರ್ತಾರೆ, "ಮೊದ್ಲು ಆಟೋ ತರ್ಸಿ ಸಾರ್" ಅಂತಾರೆ. ಬಿದ್ದ ಅರ್ಧ ಗಂಟೆಯೊಳಗೆ ಮೈ ಶಾಖ 39ರ ಹತ್ರ ಇಳಿಸಿದ್ರೆ ಬದುಕೋ ಅವಕಾಶ ಬಹಳ ಜಾಸ್ತಿ, ಟ್ರಾಫಿಕ್‌ನಲ್ಲಿ ಆಟೋ ಒಳಗೆ ಸುಡ್ತಾ ಕೂತ್ರೆ ಆ ಅರ್ಧ ಗಂಟೆ ರೋಡಲ್ಲೇ ಹೋಗತ್ತೆ. ಹಾಗಂತ ಆಂಬ್ಯುಲೆನ್ಸ್ ಕರೆಯೋದನ್ನ ತಡ ಮಾಡ್ಬೇಡಿ, ಎರಡೂ ಒಟ್ಟಿಗೆ.

ಒಬ್ಬರು 108ಕ್ಕೆ ಫೋನ್. ಸಿಗದಿದ್ರೆ 112. "ಬಿಸಿಲಿಗೆ ಪ್ರಜ್ಞೆ ತಪ್ಪಿದೆ, ಮೈ ಸುಡ್ತಿದೆ" ಅಂತ ಸ್ಪಷ್ಟವಾಗಿ ಹೇಳಿ.

ಇಬ್ಬರು ಬಿದ್ದವರನ್ನ ನೆರಳಿಗೆ ತಂದು ಹೆಲ್ಮೆಟ್, ಶೂ, ಬೆಲ್ಟ್, ಅಂಗಿ ಬಿಚ್ಚಿ. ಹೆಣ್ಣುಮಗಳಾದ್ರೆ ಸೀರೆ ಸಡಿಲ ಮಾಡಿ ಸುತ್ತ ಹೆಂಗಸರು ಟವೆಲ್ ಹಿಡಿದು ನಿಲ್ಲಲಿ, ಬಟ್ಟೆ ಮೇಲೇ ನೀರು ಸುರೀರಿ, ಮರ್ಯಾದೆ ಅಂತ ಹಿಂಜರಿದು ಟೈಮ್ ಕಳೀಬೇಡಿ.

ಈಗ ಟಾರ್ಪಾಲು. ಪ್ರತಿ ಸೈಟಲ್ಲೂ ಸಿಮೆಂಟ್ ಮುಚ್ಚೋಕೆ ಒಂದು ಇರತ್ತೆ. ನೆಲಕ್ಕೆ ಹಾಸಿ ನಡುವೆ ಮಲಗಿಸಿ, ನಾಲ್ಕೈದು ಜನ ಸುತ್ತ ನಿಂತು ಅಂಚು ಮೊಣಕಾಲೆತ್ತರಕ್ಕೆ ಎತ್ತಿ ಹಿಡೀರಿ, ತೊಟ್ಟಿಲ ತರ ಆಗತ್ತೆ. ಅದಕ್ಕೆ ಬಕೆಟ್ ಬಕೆಟ್ ನೀರು, ಎದೆ ಹೊಟ್ಟೆ ಮುಳುಗೋ ಹಾಗೆ, ತಲೆ ಮಾತ್ರ ಒಬ್ಬರು ಮೇಲೆ ಹಿಡ್ಕೊಂಡಿರ್ಬೇಕು, ಮೂಗು ಬಾಯಿಗೆ ನೀರು ಹೋಗಬಾರ್ದು. ಐಸ್ ಹಾಕಿ. ಐಸ್ ಎಲ್ಲಿ ಅಂತೀರಾ, ಜ್ಯೂಸ್ ಅಂಗಡಿ, ಮೀನಿನ ಅಂಗಡಿ, ಸೋಡಾ ಅಂಗಡಿ, ಯಾವುದು ಹತ್ರ ಅಂತ ಇವತ್ತೇ ನೋಡಿಟ್ಕೊಳ್ಳಿ, ಒಬ್ಬನಿಗೆ ಬೈಕ್ ಕೀ ಕೊಟ್ಟು ಅದೇ ಡ್ಯೂಟಿ ಅಂತ ಹೇಳಿಡಿ. ಟಾರ್ಪಾಲನ್ನ ಆ ಕಡೆ ಈ ಕಡೆ ತೂಗ್ತಾ ನೀರು ಕಲಕ್ತಾ ಇರಿ, ನಿಂತ ನೀರು ಮೈ ಪಕ್ಕ ಬೆಚ್ಚಗಾಗಿಬಿಡತ್ತೆ.

ಐಸ್ ಬರೋವರೆಗೆ ಕಾಯೋದು ಬೇಡ, ತೊಟ್ಟಿ ನೀರೇ ಸುರೀರಿ. ಒಂದೇ ಎಚ್ಚರಿಕೆ, ಬಿಸಿಲಲ್ಲಿ ಬಿದ್ದಿರೋ ಪೈಪಿನ ಮೊದಲ ನೀರು ಕಾದಿರತ್ತೆ, ಅದನ್ನ ಹರಿಯೋಕೆ ಬಿಟ್ಟು ಆಮೇಲೆ ಮೈ ಮೇಲೆ ಹಿಡೀರಿ. ಟಾರ್ಪಾಲು ಇಲ್ಲ ಅಂದ್ರೆ ಒದ್ದೆ ಬಟ್ಟೆ ಮೈತುಂಬಾ ಹೊದಿಸಿ, ಎರಡು ನಿಮಿಷಕ್ಕೊಂದು ಸಲ ಬದಲಾಯಿಸಿ, ಪ್ಲೈವುಡ್ ತುಂಡಲ್ಲಿ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಐಸ್ ಇಡೋದು ಇದ್ರ ಜೊತೆಗೆ ಮಾತ್ರ, ಅದೊಂದೇ ಸಾಲಲ್ಲ.

ಮಾತು ಸರಿ ಆಗೋವರೆಗೆ ಅಥವಾ ಆಂಬ್ಯುಲೆನ್ಸ್‌ನವರು ಕೈಗೆ ತಗೊಳ್ಳೋವರೆಗೆ ನಿಲ್ಲಿಸ್ಬೇಡಿ. ವಾಂತಿ ಬಂದ್ರೆ ತಕ್ಷಣ ಮಗ್ಗುಲಿಗೆ ತಿರುಗಿಸಿ. ಉಸಿರು ನಿಂತಿದ್ರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಎದೆ ನಡುವೆ ಎರಡು ಕೈ ಒಂದರ ಮೇಲೊಂದು ಇಟ್ಟು ಎರಡು ಇಂಚು ಒಳಗೆ ಹೋಗೋ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಸುಸ್ತಾದ್ರೆ ಇನ್ನೊಬ್ಬರು ತಗೊಳ್ಳಿ.

ಮಾಡಬಾರದ್ದೂ ಇದೆ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು, ಸೋಡಾ, ಎಳನೀರು ಏನೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗತ್ತೆ. ಡೋಲೋ, ಪ್ಯಾರಾಸಿಟಮಾಲ್ ಕೊಡ್ಬೇಡಿ, ಇದು ಜ್ವರ ಅಲ್ಲ, ಆ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ, ಪೆಟ್ಟು ತಿಂದ ಲಿವರ್‌ಗೆ ಇನ್ನೊಂದು ಪೆಟ್ಟು. ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು, ಹಲ್ಲಿನ ನಡುವೆ ಚಮಚ ತುರುಕೋದು ಯಾವುದೂ ಬೇಡ, ಸುತ್ತ ಇರೋ ಕಂಬಿ ಕಲ್ಲು ಸರಿಸಿ ತಲೆ ಕೆಳಗೆ ಬಟ್ಟೆ ಇಡಿ ಸಾಕು, ನೀರು ಸುರಿಯೋದು ಮುಂದುವರೀಲಿ.

ಆಸ್ಪತ್ರೆಗೆ ಜೊತೇಲಿ ಹೋಗೋರು ಒಂದು ಚೀಟಿ ಬರ್ಕೊಳ್ಳಿ: ಎಷ್ಟೊತ್ತಿಗೆ ಬಿದ್ದಿದ್ದು, ಏನು ಕೆಲಸ ಮಾಡ್ತಿದ್ರು, ಎಷ್ಟು ಹೊತ್ತು ನೀರು ಸುರಿದ್ವಿ, ಯಾವ ಮಾತ್ರೆ ತಗೋತಿದ್ರು. ಬರೀ "ತಲೆ ಸುತ್ತಿ ಬಿದ್ದ" ಅಂದ್ರೆ ಒಂದು ಡ್ರಿಪ್ ಹಾಕಿ ವಾಪಸ್ ಕಳಿಸಿಬಿಡೋದೂ ಇದೆ. ಬಿಸಿಲಲ್ಲಿ ಬಿದ್ದಿದ್ದು, ಮಾತು ತಪ್ಪಿತ್ತು ಅಂತ ಹೇಳ್ಲೇಬೇಕು, ಕಿಡ್ನಿ, ಲಿವರ್ ರಕ್ತ ಪರೀಕ್ಷೆ ಮಾಡಿ ಅಂತ ಕೇಳಿ.

ಸೈಟಿನ ಬೇರೆ ಎಮರ್ಜೆನ್ಸಿಗಳು, ಚುಟುಕಾಗಿ

ಸಾರುವೆಯಿಂದ ಬಿದ್ದವರನ್ನ ಕೈಕಾಲು ಹಿಡಿದು ಎತ್ಕೊಂಡು ಓಡ್ಬೇಡಿ, ಕುತ್ತಿಗೆ ಬೆನ್ನುಮೂಳೆ ಮುರಿದಿದ್ರೆ ಜೀವನಪೂರ್ತಿ ಕಾಲು ಹೋಗತ್ತೆ. ತಲೆ ಅಲ್ಲಾಡದ ಹಾಗೆ ಹಿಡಿದು ಆಂಬ್ಯುಲೆನ್ಸ್‌ಗೆ ಕಾಯಿರಿ, ಸರಿಸ್ಲೇಬೇಕು ಅಂದ್ರೆ ಪ್ಲೈವುಡ್ ಹಲಗೆ ಮೇಲೆ ಮರದ ದಿಮ್ಮಿ ಸರಿಸಿದ ಹಾಗೆ ಒಟ್ಟಿಗೆ. ರಕ್ತ ಸುರೀತಿದ್ರೆ ಸ್ವಚ್ಛ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡೀರಿ, ಕಾಫಿ ಪುಡಿ, ಅರಿಶಿನ ಹಾಕ್ಬೇಡಿ. ಮೈಗೆ ಚುಚ್ಚಿದ ಕಂಬಿ ಎಳೀಬೇಡಿ.

ಕರೆಂಟ್ ಹೊಡೆದ್ರೆ ಮೊದ್ಲು ಮೇನ್ ಆಫ್, ಆಮೇಲೆ ಮನುಷ್ಯನನ್ನ ಮುಟ್ಟೋದು. ಕಾಂಕ್ರೀಟ್ ಕೂರಿಸೋ ವೈಬ್ರೇಟರ್ ವೈರು ನೀರಲ್ಲಿ ಬಿದ್ದಿರೋ ಸೈಟಲ್ಲಿ ಇದು ಯಾವತ್ತು ಬೇಕಾದ್ರೂ ಆಗತ್ತೆ. ಎದ್ದು ಕೂತ್ರೂ ಆಸ್ಪತ್ರೆಗೆ ಕಳಿಸಿ, ಹೃದಯದ ಬಡಿತ ಆಮೇಲೆ ತಪ್ಪಬಹುದು. ಸಿಮೆಂಟ್ ಹಾಲು ಕಣ್ಣಿಗೆ ಹೋದ್ರೆ ಉಜ್ಜದೆ 20 ನಿಮಿಷ ಗಡಿಯಾರ ನೋಡ್ಕೊಂಡು ನೀರಲ್ಲಿ ತೊಳೀರಿ, ಆಮೇಲೆ ಕಣ್ಣಿನ ಡಾಕ್ಟರ್.

ಸಂಪ್ ವಿಷಯ ಬಹಳ ಮುಖ್ಯ. ಸಂಪಿಗೆ ಸ್ಲ್ಯಾಬ್ ಹಾಕಿ ವಾರಗಟ್ಲೆ ಮುಚ್ಚಿಟ್ಟು ಸೆಂಟ್ರಿಂಗ್ ಬಿಚ್ಚೋಕೆ ಒಬ್ಬನನ್ನ ಇಳಿಸ್ತಾರೆ, ಒಳಗೆ ಒದ್ದೆ ಮರ ಕೊಳೆತು ಆಕ್ಸಿಜನ್ ಇರಲ್ಲ, ಇಳಿದೋನು ಬೀಳ್ತಾನೆ, ಎತ್ತೋಕೆ ಇಳಿದ ಅಣ್ಣನೂ ಬೀಳ್ತಾನೆ. ಹಿಂದಿನ ದಿನದಿಂದಲೇ ಮುಚ್ಚಳ ತೆಗೆದಿಡಿ, ಬ್ಲೋವರ್ ಬಿಡಿ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡ್ಕೊಂಡಿರ್ಲಿ. ಒಳಗೆ ಬಿದ್ರೆ ಯಾರೂ ಇಳೀಬೇಡಿ, ಹಗ್ಗದಲ್ಲೇ ಎಳೀರಿ, ಫೈರ್‌ನವರಿಗೆ 112 ಹೊಡೀರಿ.

ಗೋಡೆಗೆ ಅಂಟಿಸೋ ಹಾಳೆ

ಇದನ್ನ ಓದಿದ ದಿನವೇ ಮಾಡಿ. ಸೈಟ್ ವಿಳಾಸ, ಹತ್ರದ ದೇವಸ್ಥಾನವೋ ಶಾಲೆಯೋ ಯಾವುದಾದ್ರೂ ಗುರುತು, ಹತ್ರದ 24 ಗಂಟೆ ಎಮರ್ಜೆನ್ಸಿ ಇರೋ ಆಸ್ಪತ್ರೆ, 108, ಐಸ್ ಅಂಗಡಿ ಫೋನ್ ನಂಬರ್. ಹೊಸ ಲೇಔಟ್‌ಗಳಲ್ಲಿ ಆಂಬ್ಯುಲೆನ್ಸ್ ಬಂದು ಕ್ರಾಸ್ ಹುಡುಕ್ತಾ ಸುತ್ತೋದೇ ಜಾಸ್ತಿ, ಒಬ್ಬರನ್ನ ಮೇನ್ ರೋಡಿಗೆ ಕಳಿಸಿ ಕೈ ಬೀಸೋಕೆ ನಿಲ್ಲಿಸಿ. ಕನ್ನಡದ ಜೊತೆ ಹಿಂದಿಯಲ್ಲೂ ಬರೆಸಿ, ಓದೋಕೆ ಬರದೋರಿಗೆ ಬಾಯಲ್ಲಿ ಹೇಳಿ.

ಹಾಗೇ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಡ್ ಇಲ್ಲದೋರಿಗೆ ಮಾಡ್ಸಿಕೊಡಿ. 18ರಿಂದ 60 ವರ್ಷದೊಳಗಿನ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರೋರು ನೋಂದಣಿ ಮಾಡಿಸಬಹುದು, ಚಿಕಿತ್ಸೆ ಖರ್ಚಿಗೆ ಸಹಾಯಧನ ಇದೆ. 90 ದಿನದ ಸರ್ಟಿಫಿಕೇಟ್‌ಗೆ ಸಹಿ ಹಾಕೋಕೆ ಅಲೆದಾಡಿಸ್ಬೇಡಿ.

ವಾಪಸ್ ಕೆಲಸಕ್ಕೆ ಬಂದಾಗ

ಹೀಟ್ ಸ್ಟ್ರೋಕ್ ಆದವರು ಆಸ್ಪತ್ರೆಯಿಂದ ಬಂದ್ಮೇಲೆ ಕಮ್ಮಿ ಅಂದ್ರೂ ಒಂದು ವಾರ ಪೂರ್ತಿ ರೆಸ್ಟ್, ಡಾಕ್ಟರ್ ರಕ್ತ ಪರೀಕ್ಷೆ ನೋಡಿ ಸರಿ ಅಂದ್ಮೇಲೆ ನೆರಳಿನ ಕೆಲಸ, ಆಮೇಲೆ ಹಂತ 2ರ ಲೆಕ್ಕದಲ್ಲಿ ಮೊದಲಿಂದ. ಒಂದ್ಸಲ ಬಿದ್ದವರಿಗೆ ಶಾಖ ತಡೆಯೋ ಶಕ್ತಿ ತಿಂಗಳುಗಟ್ಲೆ ಕಮ್ಮಿ ಇರಬಹುದು.

ಆ ರಾಯಚೂರಿನ ಹುಡುಗ ಮಾರನೇ ವರ್ಷ ಫೋನ್ ಮಾಡಿದ್ದ, ಕೆಲಸ ಇದೆಯಾ ಸರ ಅಂತ. ಸ್ಟೋರ್‌ನಲ್ಲಿ ಹಾಕ್ಕೊಂಡೆ. ಬಂದ ಮೊದಲ ದಿನ ಅವನಿಗೆ ಕೈಗೆ ಕೊಟ್ಟಿದ್ದು ಶಿಳ್ಳೆ, ಅರ್ಧ ಗಂಟೆಗೊಂದು ಸಲ ಊದೋದು ಅವನ ಕೆಲಸ. ಊದಿ ಸುಮ್ನಿರಲ್ಲ ಅವನು, ಚೊಂಬು ಹಿಡ್ಕೊಂಡು ಒಂದೊಂದು ಫ್ಲೋರ್ ಹತ್ತಿ, ಕೆಂಪು ಟೇಪ್ ಇರೋರ ಎದುರು ಕುಡಿದು ಮುಗಿಸೋವರೆಗೂ ನಿಂತಿರ್ತಾನೆ.